ದೂರಕ್ಕೆ ಬೆಲೆ ಇರುವ ಕತೆಗಳು: ನಾನು ಮೆಚ್ಚಿದ ಸ್ಪೇಸ್ ಆಪೆರಾ ಕಾದಂಬರಿಗಳು

ತುಂಗಾತೀರ:

ಸ್ಪೇಸ್ ಆಪೆರಾ, ಅಂದರೆ ಬಾಹ್ಯಾಕಾಶದಲ್ಲಿ ನಡೆಯುವ ದೊಡ್ಡ ಹರಹಿನ ಸಾಹಸ ಕತೆ, ಓದುವ ಹುಚ್ಚು ನನಗೆ ಹಿಡಿದದ್ದು ಕಾಲೇಜಿನಲ್ಲಿ. ಕೆಲಸ, ಮದುವೆ, ಮಗಳು ಎಲ್ಲ ಆದ ಮೇಲೂ ಬಿಟ್ಟಿಲ್ಲ. ಇದರ ಬಗ್ಗೆ ಕನ್ನಡದಲ್ಲೇ ಮನಸ್ಸು ಬಿಚ್ಚಿ ಮಾತಾಡಬೇಕು ಅಂತ ಬಹಳ ದಿನದ ಆಸೆ. ಉದ್ದ ಆಗುತ್ತದೆ, ಓದಿ. ಒಪ್ಪಿಗೆ ಆಗದಿದ್ದರೆ ಖಂಡಿತ ಹೇಳಿ.

ಈ ಹೆಸರು ಹುಟ್ಟಿದ್ದೇ ಬೈಗುಳವಾಗಿ. ಅಮೆರಿಕದ ಲೇಖಕ ವಿಲ್ಸನ್ ಟಕರ್ 1941ರಲ್ಲಿ, ಅಚ್ಚಿನಿಂದ ತೆಗೆದಂತೆ ಒಂದೇ ಥರ ಬರುತ್ತಿದ್ದ ಸವಕಲು ರಾಕೆಟ್ ಕತೆಗಳಿಗೆ ಇಟ್ಟ ಅಡ್ಡಹೆಸರು. ರೇಡಿಯೊದಲ್ಲಿ ಬರುತ್ತಿದ್ದ ಅಳುವ ಧಾರಾವಾಹಿಗಳನ್ನು ಸೋಪ್ ಆಪೆರಾ ಅನ್ನುತ್ತಿದ್ದರು, ಅದೇ ಧಾಟಿ. ನಮ್ಮಲ್ಲೂ ಅತಿ ಅನಿಸಿದ್ದಕ್ಕೆಲ್ಲ 'ಕಂಪನಿ ನಾಟಕ' ಅಂತ ಮೂಗು ಮುರಿಯುವವರಿದ್ದಾರೆ. ಆದರೆ ಕಂಪನಿ ನಾಟಕದ ಮುಂದಿನ ಸಾಲಿನಲ್ಲಿ ಕೂತು ಬೆಳೆದವರಿಗೆ ಗೊತ್ತು, ಆ ಝಗಮಗದ ಹಿಂದೆ ಎಂಥ ಕಸುಬು ಇತ್ತು ಅಂತ. ಸ್ಪೇಸ್ ಆಪೆರಾದ್ದೂ ಅದೇ ಕತೆ. ಇದಕ್ಕೆ ಬುನಾದಿ ಹಾಕಿದ ಇ. ಇ. ಸ್ಮಿತ್ ಅವರು ಹೊಟ್ಟೆಪಾಡಿಗೆ ಡೋನಟ್ ಹಿಟ್ಟಿನ ಹದ ನೋಡುತ್ತಿದ್ದ ರಸಾಯನ ತಜ್ಞ. 1928ರಲ್ಲಿ ಅವರ 'ದಿ ಸ್ಕೈಲಾರ್ಕ್ ಆಫ್ ಸ್ಪೇಸ್' ಪತ್ರಿಕೆಯಲ್ಲಿ ಬಂದಾಗ ಕತೆ ಸೌರವ್ಯೂಹದ ಬೇಲಿ ಹಾರಿ ನಕ್ಷತ್ರಗಳ ನಡುವೆ ಇಳಿಯಿತು. ಇವತ್ತು ಅವನ್ನು ಓದುವುದು ಕಷ್ಟ, ಪಾತ್ರಗಳಿಗೆ ಜೀವವಿಲ್ಲ. ಆದರೆ ಬೇಲಿ ಹಾರಿದ್ದು ಅವರೇ.

ನನ್ನ ವಾದ ಇಷ್ಟು: ಹಡಗು, ಚಕ್ರವರ್ತಿ, ಮಹಾಯುದ್ಧ ಇವು ಯಾವುವೂ ಈ ಪ್ರಕಾರದ ಜೀವಾಳ ಅಲ್ಲ. ಜೀವಾಳ ದೂರ. ಸೂರ್ಯನ ನಂತರ ನಮಗೆ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ 4.2 ಜ್ಯೋತಿರ್ವರ್ಷ ಆಚೆ ಇದೆ. 1977ರಲ್ಲಿ ಹೊರಟ ವಾಯೇಜರ್ 1 ನೌಕೆಗೆ ಈಗಿನ ವೇಗದಲ್ಲಿ ಅಷ್ಟು ದೂರ ಕ್ರಮಿಸಲು 70 ಸಾವಿರ ವರ್ಷಕ್ಕೂ ಹೆಚ್ಚು ಬೇಕು. ಈ ಸತ್ಯವನ್ನು ಎದೆಗೆ ಹಚ್ಚಿಕೊಂಡು ಬರೆದ ಕಾದಂಬರಿ ನನ್ನನ್ನು ಅಲ್ಲಾಡಿಸುತ್ತದೆ. ಗುಂಡಿ ಒತ್ತಿದರೆ ಬೇರೆ ಗ್ರಹ, ಸಂಜೆ ಊಟಕ್ಕೆ ಮನೆ ಅನ್ನುವಂಥದ್ದು ಎಷ್ಟೇ ರಂಜಿಸಿದರೂ ಮರುದಿನ ನೆನಪಿರುವುದಿಲ್ಲ.

ಡಾನ್ ಸಿಮನ್ಸ್ ಅವರ 'ಹೈಪೀರಿಯನ್' (1989) ತಗೊಳ್ಳಿ. ಏಳು ಜನ ಯಾತ್ರಿಕರು, ಅವರಲ್ಲಿ ಆರು ಜನ ದಾರಿಯುದ್ದಕ್ಕೂ ತಮ್ಮ ತಮ್ಮ ಕತೆ ಹೇಳುತ್ತಾರೆ. ಬೇತಾಳ ಪಂಚವಿಂಶತಿ, ದುರ್ಗಸಿಂಹನ ಪಂಚತಂತ್ರದ ರುಚಿ ಇರುವ ನಮಗೆ ಕತೆಯೊಳಗಿನ ಕತೆ ಹೊಸದೇನಲ್ಲ. ಅವರಲ್ಲೊಬ್ಬನಾದ ರಾಜತಾಂತ್ರಿಕ, ಕಾನ್ಸುಲ್, ಹೇಳುವ ಕತೆಯನ್ನು ನಾನು ನಾಲ್ಕು ಸಲ ಓದಿದ್ದೇನೆ. ಮೆರಿನ್ ನಕ್ಷತ್ರನೌಕೆಯ ಹುಡುಗ. ಸಿರಿ ಒಂದು ಸಮುದ್ರಗ್ರಹದ ಹುಡುಗಿ. ಬೆಳಕಿನ ವೇಗದ ಹತ್ತಿರ ಓಡುವ ಹಡಗಿನಲ್ಲಿ ಅವನಿಗೆ ತಿಂಗಳುಗಳು ಕಳೆದರೆ ದಡದಲ್ಲಿ ಅವಳಿಗೆ ವರ್ಷಗಳು ಕಳೆದಿರುತ್ತವೆ. ಮೊದಲ ಸಲ ಸೇರಿದಾಗ ಇಬ್ಬರೂ ಹದಿಹರೆಯದವರು. ಪ್ರತಿ ಸಲ ಬಂದಾಗಲೂ ಅವಳು ಅವನಿಗಿಂತ ಮುಂದೆ ಹೋಗಿರುತ್ತಾಳೆ. ಕೊನೆಗೆ ಅವಳು ಮುದುಕಿ, ಅವನು ಇನ್ನೂ ಯುವಕ.

ಇದನ್ನು ಓದುವಾಗ ನನಗೆ ಭಾಗವತದ ರೇವತಿ ನೆನಪಾಗಿದ್ದಳು. ಮಗಳಿಗೆ ವರ ಕೇಳಲು ರಾಜ ಕಕುದ್ಮಿ ಬ್ರಹ್ಮಲೋಕಕ್ಕೆ ಹೋಗುತ್ತಾನೆ, ಗಂಧರ್ವರ ಹಾಡು ಮುಗಿಯಲಿ ಅಂತ ಸ್ವಲ್ಪ ಕಾಯುತ್ತಾನೆ, ಅಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗ ಕಳೆದಿರುತ್ತದೆ. ಪುರಾಣದಲ್ಲಿ ರೇವತಿಗೆ ಬಲರಾಮ ಸಿಕ್ಕ, ಕತೆ ಸುಖವಾಗಿ ಮುಗಿಯಿತು. ಅವಳ ಗೆಳತಿಯರೆಲ್ಲ ಏನಾದರು ಅಂತ ಯಾರೂ ಕೇಳಲಿಲ್ಲ. ಸಿಮನ್ಸ್ ಕೇಳಿದ್ದು ಆ ಪ್ರಶ್ನೆ.

ಇನ್ನೊಂದು ಮಾತೂ ಇದೆ. ಮೆರಿನ್ ಆ ಗ್ರಹಕ್ಕೆ ಬರುವುದು ಒಂದು ಬಾಗಿಲು ಕಟ್ಟಲಿಕ್ಕೆ. ಆ ಬಾಗಿಲು ತೆರೆದ ದಿನ ದೂರ ಎಂಬುದೇ ಇಲ್ಲ, ಯಾರು ಬೇಕಾದರೂ ಹೆಜ್ಜೆ ಎತ್ತಿಟ್ಟು ಒಳಗೆ ಬರಬಹುದು. ಬರುತ್ತಾರೆ ಕೂಡ, ಬಂದು ದ್ವೀಪಗಳನ್ನು ತಿಂದು ಹಾಕುತ್ತಾರೆ. ಅಷ್ಟು ದಿನ ಆ ಜನರನ್ನು ಕಾದದ್ದು ದೂರವೇ.

ಅಲಿಸ್ಟರ್ ರೆನಾಲ್ಡ್ಸ್ ಮೊದಲು ಐರೋಪ್ಯ ಬಾಹ್ಯಾಕಾಶ ಸಂಸ್ಥೆಯಲ್ಲಿ ವಿಜ್ಞಾನಿ. ಅವರ 'ಹೌಸ್ ಆಫ್ ಸನ್ಸ್' (2008) ಕಾದಂಬರಿಯಲ್ಲಿ ಬೆಳಕನ್ನು ಯಾರೂ ಮೀರುವ ಹಾಗಿಲ್ಲ. ಒಬ್ಬಳೇ ಹೆಂಗಸಿನಿಂದ ತದ್ರೂಪಿಗಳಾಗಿ ಒಡೆದ ಸಾವಿರ ಮಂದಿ ಗ್ಯಾಲಕ್ಸಿ ಸುತ್ತಲು ಹೊರಡುತ್ತಾರೆ, ಎರಡು ಲಕ್ಷ ವರ್ಷಕ್ಕೊಮ್ಮೆ ಒಂದೆಡೆ ಸೇರಿ ಕಂಡದ್ದನ್ನು ಹಂಚಿಕೊಳ್ಳುತ್ತಾರೆ. ಶ್ರವಣಬೆಳಗೊಳದಲ್ಲಿ 12 ವರ್ಷಕ್ಕೊಮ್ಮೆ ಮಸ್ತಕಾಭಿಷೇಕಕ್ಕೆ ಸೇರುವ ಜನ ಕಳೆದ ಸಲ ಜೊತೆಗಿದ್ದವರನ್ನು ಕಣ್ಣಲ್ಲೇ ಹುಡುಕುತ್ತಾರಲ್ಲ, ಅದನ್ನು ಲಕ್ಷ ವರ್ಷಕ್ಕೆ ಹಿಗ್ಗಿಸಿ ನೋಡಿ.

ಐಸಾಕ್ ಅಸಿಮೊವ್ ಅವರ 'ಫೌಂಡೇಶನ್' ಬಗ್ಗೆ ಎರಡೇ ಮಾತು. ಅಲ್ಲಿ ಹಡಗುಗಳು ದೂರವನ್ನು ಒಂದೇ ನೆಗೆತಕ್ಕೆ ದಾಟುತ್ತವೆ, ನಿಜ. ಆದರೂ ಗ್ಯಾಲಕ್ಸಿ ತುಂಬ ಹರಡಿದ ಸಾಮ್ರಾಜ್ಯ ಒಣಗುವುದು ಅಂಚಿನಿಂದ. ರಾಜಧಾನಿಯ ಕೈ ತಲುಪದ ಊರುಗಳಲ್ಲಿ ಅಣುಶಕ್ತಿಯ ವಿದ್ಯೆಯೇ ಮರೆತುಹೋಗುತ್ತದೆ. ದೂರ ಅಲ್ಲಿ ಮರೆವಾಗಿ ಬರುತ್ತದೆ. ಹಾಗಾಗಿ ನನ್ನ ಪಟ್ಟಿಯಲ್ಲಿ ಅದು ಉಳಿದಿದೆ.

ಹುಬ್ಳಿ ಓದುಗ:

ಭಾಳ ಛಲೋ ಬರದೀರಿ ಸರ. ಆದ್ರ ದೂರದ ಮಾತು ತಗದು 'ದಿ ಎಕ್ಸ್‌ಪಾನ್ಸ್' ಬಿಟ್ಟದ್ದು ಯಾಕ್ರಿ? ಡೇನಿಯಲ್ ಅಬ್ರಹಾಂ, ಟೈ ಫ್ರ್ಯಾಂಕ್ ಇಬ್ಬರೂ ಕೂಡಿ ಜೇಮ್ಸ್ ಎಸ್. ಎ. ಕೋರಿ ಅಂತ ಹೆಸರು ಇಟ್ಕೊಂಡು ಬರದದ್ದು. 2011ರಿಂದ 2021ರ ತನಕ ಒಂಬತ್ತು ಕಾದಂಬರಿ. ನಾ ಒಂಬತ್ತೂ ಓದೀನಿ.

ಶುರುವಿನ ಪುಸ್ತಕದಾಗ ಯಾರೂ ಬ್ಯಾರೆ ನಕ್ಷತ್ರಕ್ಕ ಹೋಗೂದಿಲ್ಲ, ಎಲ್ಲಾ ನಮ್ಮ ಸೂರ್ಯನ ಸುತ್ತಲೇ ನಡೀತದ. ಆದ್ರೂ ದೂರ ಮೈಮ್ಯಾಲೆ ಬಂದು ಕೂಡ್ತದ. ಹಡಗು ಅರ್ಧ ದಾರಿ ವೇಗ ಏರಿಸ್ಕೊಂತ ಹೋಗಿ, ನಡುವ ತಿರುವಿ ಹಾಕಿ, ಇನ್ನರ್ಧ ದಾರಿ ವೇಗ ಇಳಿಸ್ಕೊಂತ ಬರಬೇಕು. ಜೋರು ಓಡಿಸಿದ್ರ ಮಂದಿ ಎದಿ ಮ್ಯಾಲೆ ಕಲ್ಲು ಹೇರಿದಂಗ ಆಗ್ತದ, ಔಷಧ ಚುಚ್ಚಿಸ್ಕೊಂಡು ಮಲಗಬೇಕು, ಇಲ್ಲಂದ್ರ ಸಾಯ್ತಾರ. ಒಂದು ಸುದ್ದಿ ಕಳಿಸಿದ್ರ ಉತ್ತರ ಬರೂದಕ್ಕ ತಾಸುಗಟ್ಟಲೆ ಕಾಯಬೇಕು. 2014ರ ಸೆಪ್ಟೆಂಬರ್ 24ಕ್ಕ ಮಂಗಳಯಾನ ಕಕ್ಷೆಗೆ ಇಳಿದದ್ದು ನೆನಪದ ಅಲ್ರಿ? ಅಲ್ಲಿಂದ ಸಂಕೇತ ಇಲ್ಲಿಗೆ ಬರೂದಕ್ಕ 12 ನಿಮಿಷದ ಮ್ಯಾಲೆ ಬೇಕಿತ್ತು. ಇಳೀತೋ ಇಲ್ಲೋ ಅಂತ ನಾವು ಟಿ.ವಿ. ಮುಂದ ಉಸಿರು ಹಿಡಕೊಂಡು ಕೂತಾಗ, ಅಲ್ಲಿ ಏನಾಗಬೇಕೋ ಅದು ಆಗೇ ಹೋಗಿತ್ತು. ಆ ಪುಸ್ತಕದಾಗಿನ ಮಂದಿ ದಿನಾ ಬದುಕೂದು ಅದೇ ಹನ್ನೆರಡು ನಿಮಿಷದಾಗ.

ಕ್ಷುದ್ರಗ್ರಹಗಳ ಪಟ್ಟಿಯೊಳಗ ಹುಟ್ಟಿ ಬೆಳೆದವರಿಗೆ ಬೆಲ್ಟರ್ ಅಂತಾರ. ತೂಕ ಕಡಿಮಿ ಇದ್ದಲ್ಲೆ ಬೆಳೆದು ಮೈ ಉದ್ದ, ಎಲುಬು ಸಣ್ಣ. ಭೂಮಿಗೆ ಬಂದ್ರ ನೆಟ್ಟಗ ನಿಲ್ಲಾಕ ಆಗೂದಿಲ್ಲ. ಅವರ ಭಾಷಾ ಹತ್ತಾರು ಭಾಷಾ ಕಲಸಿ ಆದದ್ದು. ಹೆಗಲು ಕುಣಿಸಿದ್ರ, ತಲಿ ಅಲ್ಲಾಡಿಸಿದ್ರ ಬಾಹ್ಯಾಕಾಶದ ಪೋಷಾಕಿನಾಗ ಕಾಣೂದಿಲ್ಲ, ಅದಕ್ಕ ಎಲ್ಲಾ ಕೈ ಸನ್ನಿಯೊಳಗ. ಕನ್ನಡ, ಮರಾಠಿ, ಉರ್ದು ಒಂದೇ ಉಸುರಿಗೆ ಆಡೂ ನಮ್ಮ ಕಡಿ ಸಂತಿಯೊಳಗ ಬೆಳೆದವನಿಗೆ ಆ ಮಾತು ಪರಕೀ ಅನ್ನಿಸಲೇ ಇಲ್ಲ.

ನೀರಿನ ಮಾತೂ ಹೇಳಬೇಕು. ಮೊದಲನೇ ಪುಸ್ತಕದಾಗ ಜಗಳ ಹತ್ತೂದೇ ಶನಿಯ ಬಳೆಯಿಂದ ಬರ್ಫ ಹೊತ್ತು ತರೂ ಹಡಗು ನಾಶ ಆಗೂದ್ರಿಂದ. ಅದನ್ನ ನಾ ಎರಡನೇ ಸಲ ಓದಿದ್ದು 2024ರ ಬ್ಯಾಸಗ್ಯಾಗ, ಬೆಂಗಳೂರಾಗ, ನಮ್ಮ ಅಪಾರ್ಟ್‌ಮೆಂಟಿನವರು ಟ್ಯಾಂಕರ್ ದಾರಿ ಕಾಯೂ ಮುಂದ. ನೀರು ಕೊಟ್ಟವನೇ ಧಣಿ ಅನ್ನೂದು ಬೆಲ್ಟರ್ ಮಂದಿ ಇರೂ ಕುಬ್ಜಗ್ರಹ ಸಿರೀಸ್‌ನಾಗೂ ಅಷ್ಟ, ಇಲ್ಲೂ ಅಷ್ಟ.

ಕಾಗದದ ದೋಣಿ:

ಇಬ್ಬರಿಗೂ ನಮಸ್ಕಾರ. ನನ್ನದು ತಕರಾರು. ದೂರ ಇಲ್ಲದಿದ್ದರೆ ಕತೆ ನಾಟುವುದಿಲ್ಲ ಅನ್ನುವ ಮಾತು ನಾನು ಒಪ್ಪುವುದಿಲ್ಲ. ಲೋಯಿಸ್ ಮೆಕ್‌ಮಾಸ್ಟರ್ ಬುಜೋಲ್ಡ್ ಅವರ ವೋರ್ಕೋಸಿಗನ್ ಸರಣಿಯಲ್ಲಿ ಹಡಗುಗಳು ಆಕಾಶದ ಸುರಂಗಗಳಲ್ಲಿ ನುಗ್ಗಿ ಆಚೆ ಬರುತ್ತವೆ. ದೂರಕ್ಕೆ ನೀವು ಹೇಳುವ ಥರದ ಬೆಲೆ ಇಲ್ಲ. ಆದರೂ ಈ ಪ್ರಕಾರದಲ್ಲಿ ನಾನು ಅತ್ತದ್ದು ಅವರ ಪುಸ್ತಕ ಓದಿ ಮಾತ್ರ.

ಸರಣಿಯ ನಾಯಕ ಮೈಲ್ಸ್ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ವಿಷಾನಿಲದ ದಾಳಿಗೆ ಸಿಕ್ಕವನು. ಮೂಳೆಗಳು ಹಪ್ಪಳದ ಹಾಗೆ ಮುರಿಯುತ್ತವೆ. ಹುಟ್ಟಿದ್ದೋ, ಅಂಗವೈಕಲ್ಯ ಕಂಡರೆ ಹಾದಿ ಬದಲಿಸುವ, ಸೈನಿಕರನ್ನು ಪೂಜಿಸುವ ಬರ‍್ರಾಯಾರ್ ಗ್ರಹದಲ್ಲಿ, ದೊಡ್ಡ ಮನೆತನದಲ್ಲಿ. 'ದಿ ಮೌಂಟನ್ಸ್ ಆಫ್ ಮೋರ್ನಿಂಗ್' (1989) ಎಂಬ ನೀಳ್ಗತೆಯಲ್ಲಿ ಬೆಟ್ಟದ ಹಳ್ಳಿಯ ಹೆಂಗಸೊಬ್ಬಳು ನಡೆದುಕೊಂಡು ಬಂದು ನ್ಯಾಯ ಕೇಳುತ್ತಾಳೆ. ಅವಳ ಕೂಸಿಗೆ ಸೀಳುತುಟಿ ಇತ್ತು, ಅಷ್ಟಕ್ಕೇ ಯಾರೋ ಕೊಂದಿದ್ದಾರೆ. ವಿಚಾರಣೆಗೆ ಮೈಲ್ಸ್‌ನನ್ನೇ ಅವನ ತಂದೆ ಕಳಿಸುತ್ತಾನೆ. ಆ ಊರಿನ ಜಗಲಿಯ ಮೇಲೆ ಕೂತವರೆಲ್ಲ ಇವನ ಬೆನ್ನು ನೋಡುವ ನೋಟ ಇದೆಯಲ್ಲ, ಅದಕ್ಕೆ ನಕ್ಷತ್ರನೌಕೆ ಬೇಕಿಲ್ಲ. ನನ್ನ ತಮ್ಮನಿಗೆ ಪೋಲಿಯೊ. ಮದುವೆ ಮನೆಗಳಲ್ಲಿ ಆ ನೋಟ ನಾನು ಕಂಡಿದ್ದೇನೆ.

ತುಂಗಾತೀರ:

ದೋಣಿಯವರೇ, ನಿಮ್ಮ ತಮ್ಮನ ಮಾತು ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ. ಆ ನೀಳ್ಗತೆ ದೊಡ್ಡದು, ಎರಡು ಮಾತಿಲ್ಲ.

ಒಂದನ್ನು ಮಾತ್ರ ನೆನಪಿಸುತ್ತೇನೆ. ಬರ‍್ರಾಯಾರ್ ಅಂಥ ಊರಾದದ್ದು ಯಾಕೆ? ಜನ ಬಂದು ನೆಲೆಸಿದ ಸ್ವಲ್ಪ ಕಾಲಕ್ಕೆ ಅವರ ಸುರಂಗ ಮುಚ್ಚಿಹೋಯಿತು. ಶತಮಾನಗಳ ಕಾಲ ಹೊರಗಿನ ವೈದ್ಯ ಇಲ್ಲ, ಔಷಧ ಇಲ್ಲ, ಸುದ್ದಿ ಇಲ್ಲ. ವಿಕಾರವಾಗಿ ಹುಟ್ಟಿದ ಕೂಸನ್ನು ಉಳಿಸಿಕೊಳ್ಳಲಾರೆವು ಅನ್ನುವ ಭಯವೇ ಅಲ್ಲಿ ಆಚಾರವಾಗಿ ಗಟ್ಟಿಯಾಯಿತು. ಸುರಂಗ ಮತ್ತೆ ತೆರೆದು ಔಷಧ ಬಂದರೂ ಆಚಾರ ಹೋಗಲಿಲ್ಲ. ಆ ಬೆಟ್ಟದ ಹಳ್ಳಿಯಲ್ಲಿ ನಡೆದ ಕೊಲೆಗೂ ದೂರದ ಬೇರು ಇದೆ ಅಂತ ನನಗೆ ಅನಿಸುತ್ತದೆ.

ಕಾಗದದ ದೋಣಿ:

ಹಾಗೆ ನೋಡಿದರೆ ಹೌದು. ಆದರೆ ನಾನು ಓದುವಾಗ ಅದು ಹಿನ್ನೆಲೆ, ಮುಂದೆ ನಿಂತದ್ದು ಆ ತಾಯಿ. ನಿಮಗೆ ಮೊದಲು ನಕ್ಷೆ ಕಾಣುತ್ತದೆ, ನನಗೆ ಮುಖ.

ಶಿರಸಿ ಕೂಸು:

ಆನ್ ಲೆಕಿ ಅವರ 'ಆನ್ಸಿಲರಿ ಜಸ್ಟಿಸ್' (2013) ಬಗ್ಗೆ ಯಾರೂ ಮಾತೇ ಎತ್ತಲಿಲ್ಲವಲ್ಲ! ಹ್ಯೂಗೊ, ನೆಬ್ಯುಲಾ, ಆರ್ಥರ್ ಸಿ. ಕ್ಲಾರ್ಕ್ ಮೂರೂ ಪ್ರಶಸ್ತಿ ಬಂದ ಪುಸ್ತಕ. ಕತೆ ಹೇಳುವುದು ಒಂದು ಸಾಮ್ರಾಜ್ಯದ ಹಡಗು, ಅಂದರೆ ಅದರ ಕೃತಕ ಬುದ್ಧಿ. ಒಂದು ಕಾಲಕ್ಕೆ ಸಾವಿರಾರು ಮೈಗಳಲ್ಲಿ ಏಕಕಾಲಕ್ಕೆ ಇದ್ದ ಒಂದೇ ಮನಸ್ಸು, ಈಗ ಒಂದೇ ಮೈಯಲ್ಲಿ ಉಳಿದುಕೊಂಡಿದೆ. (ಓದಿಲ್ಲದವರು ಮುಂದಿನ ವಾಕ್ಯ ಬಿಡಿ.) ಆ ಸಾಮ್ರಾಜ್ಯದ ಒಡತಿಗೂ ಸಾವಿರ ಮೈ, ಆದರೆ ಆ ಮೈಗಳು ಎಷ್ಟು ದೂರ ದೂರ ಹರಡಿವೆ ಅಂದರೆ ಅವಳೊಳಗೇ ಎರಡು ಪಕ್ಷವಾಗಿ ತನ್ನ ಮೇಲೆ ತಾನೇ ಯುದ್ಧ ಹೂಡಿದ್ದಾಳೆ. ತುಂಗಾತೀರ ಅಣ್ಣ, ನಿಮ್ಮ ದೂರದ ವಾದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಾ?

ನನ್ನ ಆಸಕ್ತಿ ಬೇರೆ ಕಡೆ. ಆ ಸಾಮ್ರಾಜ್ಯದ ಭಾಷೆಯಲ್ಲಿ ಗಂಡು ಹೆಣ್ಣು ಭೇದ ಇಲ್ಲ. ಅದನ್ನು ಇಂಗ್ಲಿಷಿನಲ್ಲಿ ತೋರಿಸಲು ಲೆಕಿ ಎಲ್ಲರನ್ನೂ 'ಅವಳು' ಅಂತಲೇ ಕರೆದಿದ್ದಾರೆ. ಕನ್ನಡಕ್ಕೆ ತಂದರೆ ಏನು ಮಾಡುವುದು ಅಂತ ಎರಡು ವರ್ಷದಿಂದ ತಲೆ ಕೆಡಿಸಿಕೊಂಡಿದ್ದೇನೆ, ಮೊದಲ ಅಧ್ಯಾಯ ಮೂರು ಥರ ಅನುವಾದ ಮಾಡಿ ನೋಡಿದ್ದೇನೆ. ಇಂಗ್ಲಿಷಿನಲ್ಲಿ ಸರ್ವನಾಮ ಒಂದು ಬದಲಿಸಿದರೆ ಮುಗಿಯಿತು. ನಮ್ಮಲ್ಲಿ ಕ್ರಿಯಾಪದವೂ ಬಾಲ ಎತ್ತುತ್ತದೆ: ಬಂದನು, ಬಂದಳು, ಬಂದಿತು. 'ಅವರು ಬಂದರು' ಅಂದರೆ ಲಿಂಗದ ತೊಂದರೆ ತಪ್ಪುತ್ತದೆ, ಆದರೆ ಮರ್ಯಾದೆ ಬಂದು ಕೂರುತ್ತದೆ. ಗುಲಾಮರಿಗೂ ಒಡತಿಗೂ ಒಂದೇ ಬಹುವಚನ ಕೊಟ್ಟರೆ ಆ ಸಮಾಜದ ಮೇಲು ಕೀಳೇ ಅಳಿಸಿಹೋಗುತ್ತದೆ. ಅದು ಅಳಿಸಿದರೆ ಕಾದಂಬರಿಯೇ ಇಲ್ಲ.

ಮೂರನೆಯ ಸಲ ನಾನು ಮಾಡಿದ್ದು ನಮ್ಮ ಮನೆಮಾತಿನ ದಾರಿ. ಹವ್ಯಕರ ಮಾತಿನಲ್ಲಿ ಹೆಂಗಸರಿಗೆ ನಪುಂಸಕ ಲಿಂಗ. ಅಕ್ಕ ಬಂತು, ಅತ್ತಿಗೆ ಹೇಳ್ತು, ಕೂಸು (ಅಂದರೆ ಹುಡುಗಿ) ಶಾಲೆಗೆ ಹೋತು. ಹೊರಗಿನವರಿಗೆ ಇದು ಕೇಳಿ ಮುಜುಗರ, ನಮಗೆ ಅದರಲ್ಲಿ ಅಕ್ಕರೆ ಇದೆ. ಎಲ್ಲರಿಗೂ 'ಅದು' ಅಂದುಬಿಟ್ಟರೆ? ಹಡಗೂ ಅದು, ಅಧಿಕಾರಿಯೂ ಅದು, ಒಡತಿಯೂ ಅದು. ನಾನು ವಸ್ತುವೋ ವ್ಯಕ್ತಿಯೋ ಅಂತ ಆ ಹಡಗು ಪುಸ್ತಕದುದ್ದಕ್ಕೂ ಅನುಭವಿಸುವ ಸಂಕಟ ಇದೆಯಲ್ಲ, ಅದು ಕನ್ನಡದಲ್ಲಿ ಎಲ್ಲರ ಸರ್ವನಾಮದಲ್ಲೇ ಬಂದು ಕೂರುತ್ತದೆ. ಅದನ್ನು ಕಂಡ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಂಜಿನೂರು:

ಶಿರಸಿಯವರೇ, ಆ ಅನುವಾದ ದಯವಿಟ್ಟು ಮುಗಿಸಿ.

ನಾನು ಊರು ಬಿಟ್ಟು ಹನ್ನೊಂದು ವರ್ಷ. ನನ್ನ ಪುಸ್ತಕ ಆರ್ಕೆಡಿ ಮಾರ್ಟೀನ್ ಅವರ 'ಎ ಮೆಮರಿ ಕಾಲ್ಡ್ ಎಂಪೈರ್' (2019). ಲೇಖಕಿ ಬೈಜಾಂಟಿಯಂ ಸಾಮ್ರಾಜ್ಯದ ಇತಿಹಾಸ ಓದಿದವರು. ಮಹಿತ್ ಒಂದು ಪುಟ್ಟ ಬಾಹ್ಯಾಕಾಶ ನಿಲ್ದಾಣದಿಂದ ಮಹಾಸಾಮ್ರಾಜ್ಯದ ರಾಜಧಾನಿಗೆ ರಾಯಭಾರಿಯಾಗಿ ಬರುತ್ತಾಳೆ. ತನ್ನ ಊರನ್ನು ಆ ಸಾಮ್ರಾಜ್ಯ ನುಂಗದ ಹಾಗೆ ತಡೆಯುವುದು ಅವಳ ಕೆಲಸ. ಆದರೆ ಬಾಲ್ಯದಿಂದಲೂ ಅವಳು ಓದಿ, ಬಾಯಿಪಾಠ ಮಾಡಿ, ಪ್ರೀತಿಸಿದ್ದು ಆ ಸಾಮ್ರಾಜ್ಯದ ಕಾವ್ಯವನ್ನೇ. ಅಲ್ಲಿಯವರು ಅವಳ ಉಚ್ಚಾರಣೆ ಮೆಚ್ಚಿದಾಗ ಹಿಗ್ಗುತ್ತಾಳೆ, ಹಿಗ್ಗಿದ್ದಕ್ಕೆ ಒಳಗೊಳಗೇ ಕುಸಿಯುತ್ತಾಳೆ.

ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿ, ಇಂಗ್ಲಿಷ್ ಕಾದಂಬರಿಗಳನ್ನು ಕದ್ದು ಮುಚ್ಚಿ ಪ್ರೀತಿಸಿ, ಇವತ್ತು ಆ ಭಾಷೆಯಲ್ಲೇ ಅನ್ನ ತಿನ್ನುತ್ತಿರುವ ನನಗೆ ಆ ಹಿಗ್ಗೂ ಗೊತ್ತು, ಕುಸಿಯುವುದೂ ಗೊತ್ತು. ನಾವು ಇಲ್ಲಿ ಹೆಸರಿಸುತ್ತಿರುವ ಪುಸ್ತಕಗಳೆಲ್ಲ ಯಾವ ಭಾಷೆಯವು, ನೋಡಿ.

ಆ ರಾಜಧಾನಿಯಲ್ಲಿ ಪದ್ಯವೇ ರಾಜಕೀಯ. ಗುಪ್ತ ಸಂದೇಶವೂ ಛಂದಸ್ಸಿನಲ್ಲಿ. ಕೆಲವರಿಗೆ ಇದು ವಿಚಿತ್ರ ಕಲ್ಪನೆ ಅನಿಸಬಹುದು. ನಮಗೆ ಯಾಕೆ ವಿಚಿತ್ರ? ಪಂಪ ಯುದ್ಧ ಮಾಡುತ್ತಿದ್ದವನು, ಅರಿಕೇಸರಿಯನ್ನು ಅರ್ಜುನನಿಗೆ ಹೋಲಿಸಿ ವಿಕ್ರಮಾರ್ಜುನ ವಿಜಯ ಬರೆದವನು. ಅದು ಕಾವ್ಯವೂ ಹೌದು, ಆಸ್ಥಾನದ ರಾಜಕೀಯವೂ ಹೌದು. ಬನವಾಸಿಯನ್ನು ನೆನೆಯುವ ಆ ಪದ್ಯವೂ ಅದರೊಳಗೇ ಇದೆ. ಊರಿನಿಂದ ದೂರ ಇದ್ದವನಿಗೆ ಮಾತ್ರ ಬರುವಂಥ ಪದ್ಯ.

ಬಯಲುಸೀಮೆ:

ಎಲ್ಲರ ಬರಹ ಕೂತು ಓದಿದೆ. ನನಗೆ 66 ವರ್ಷ, ನಿವೃತ್ತ. ಇಂಗ್ಲಿಷ್ ಓದಬಲ್ಲೆ, ನಿಧಾನ, ಪಕ್ಕದಲ್ಲಿ ನಿಘಂಟು ಬೇಕು. ವಿಜ್ಞಾನದ ಬೆರಗು ನನಗೆ ಬಂದದ್ದು ತೇಜಸ್ವಿಯವರ 'ಕರ್ವಾಲೊ'ದಿಂದ, ಆ ಹಾರುವ ಓತಿ ಕೈಗೆ ಸಿಗದೆ ಕಣಿವೆಗೆ ತೇಲಿ ಹೋಗುತ್ತದಲ್ಲ, ಅಲ್ಲಿಂದ. ರಾಜಶೇಖರ ಭೂಸನೂರಮಠರ ವೈಜ್ಞಾನಿಕ ಕತೆಗಳನ್ನು ಪತ್ರಿಕೆಗಳಲ್ಲಿ ಹುಡುಕಿ ಓದುತ್ತಿದ್ದ ಕಾಲವೂ ಇತ್ತು. ನೀವು ಹೇಳುವ ಈ ದೊಡ್ಡ ದೊಡ್ಡ ಸರಣಿಗಳಿಗೆ ನಾನು ಹೊಸಬ.

ಮೆರಿನ್ ಮತ್ತು ಸಿರಿಯ ಕತೆ ಓದಬೇಕು ಅನಿಸಿದೆ. ಕಾರಣ ಇದೆ. ನನ್ನ ಅಣ್ಣ 1970ರ ದಶಕದಲ್ಲಿ ಸರಕು ಹಡಗಿನ ಕೆಲಸಕ್ಕೆ ಸೇರಿದ. ಕಾಗದ ಬರಲು ತಿಂಗಳು, ಕೆಲವೊಮ್ಮೆ ಎರಡು. ಅವ್ವನಿಗೆ ಜ್ವರ ಅಂತ ಬರೆದದ್ದು ಅವನ ಕೈ ಸೇರುವಷ್ಟರಲ್ಲಿ ಅವ್ವ ಎದ್ದು ಓಡಾಡುತ್ತಿದ್ದಳು. ಅವನು ಗಾಬರಿಯಿಂದ ಬರೆದ ಉತ್ತರ ಬಂದಾಗ ಯಾಕೆ ಗಾಬರಿ ಅಂತಲೇ ನಮಗೆ ಮರೆತುಹೋಗಿತ್ತು. ಎಲ್ಲಿಂದ ಶುರು ಮಾಡಲಿ ಹೇಳಿ. ಇಡೀ ಪುಸ್ತಕ ಓದಬೇಕೋ, ಆ ಕತೆ ಒಂದನ್ನೇ ಓದಬಹುದೋ?

ತುಂಗಾತೀರ:

ಸರ್, ಆ ಕತೆ ಮೊದಲು ಬಿಡಿ ಕತೆಯಾಗಿಯೇ ಬಂದದ್ದು, ಧಾರಾಳವಾಗಿ ಅದೊಂದನ್ನೇ ಓದಬಹುದು. ಪುಸ್ತಕದಲ್ಲಿ ಕೊನೆಯಲ್ಲಿದೆ. ಅದು ಹಿಡಿಸಿದರೆ ಹಿಂದಕ್ಕೆ ಬಂದು ಪ್ರೊಫೆಸರ್ ಸೋಲ್‌ನ ಕತೆ ಓದಿ. ಅವನ ಮಗಳು ದಿನದಿನಕ್ಕೆ ಕಿರಿಯಳಾಗುತ್ತಾ, ಪ್ರತಿ ಬೆಳಿಗ್ಗೆ ಹಿಂದಿನ ನೆನಪು ಕಳೆದುಕೊಂಡು ಏಳುತ್ತಾಳೆ. ಗಟ್ಟಿ ಮನಸ್ಸು ಮಾಡಿಕೊಂಡು ಓದಿ. ನನಗೆ ಮಗಳು ಹುಟ್ಟಿದ ಮೇಲೆ ಅದನ್ನು ಮತ್ತೆ ತೆರೆಯಲು ಆಗಿಲ್ಲ.

ಕಾಗದದ ದೋಣಿ:

ಸರ್, ಆಮೇಲೆ ನನ್ನ ಬೆಟ್ಟದ ಕತೆಯನ್ನೂ ಓದಿ. ಚಿಕ್ಕದು, ಭಾಷೆ ತಿಳಿ.

ಹುಬ್ಳಿ ಓದುಗ:

ಇಯಾನ್ ಬ್ಯಾಂಕ್ಸ್ ಅವರ 'ದಿ ಪ್ಲೇಯರ್ ಆಫ್ ಗೇಮ್ಸ್' (1988) ಸುದ್ದಿ ಯಾರೂ ತಗೀಲಿಲ್ಲ. ಒಂದು ಆಟ ಗೆದ್ದವನೇ ಚಕ್ರವರ್ತಿ ಆಗೂ ರಾಜ್ಯ, ಅಲ್ಲಿಗೆ ಆಟ ಆಡಾಕಂತ ಹೋಗಾವ ಒಬ್ಬ. ದ್ಯೂತಪರ್ವ ಕೇಳಿ ಬೆಳೆದವರು ಓದಲೇಬೇಕ್ರಿ. ಆದ್ರ ಬ್ಯಾಂಕ್ಸ್ ಅವರು ಕಟ್ಟಿದ 'ಕಲ್ಚರ್' ಅನ್ನೂ ಲೋಕದಾಗ ಯಾರಿಗೂ ಏನೂ ಕೊರತಿ ಇಲ್ಲ, ಕೊರತಿ ಇಲ್ಲದಲ್ಲೆ ಕತಿ ಎಲ್ಲಿಂದ ಬಂತು ಅಂತ ನನಗ ಒಂದು ಸಂಶಯ ಇನ್ನೂ ಉಳದದ. ಬಲ್ಲವರು ಹೇಳ್ರಿ.

ಮಂಜಿನೂರು:

ಅದಕ್ಕೇ ಬ್ಯಾಂಕ್ಸ್ ಅವರ ಕತೆಗಳು ಹೆಚ್ಚಾಗಿ ಆ ಲೋಕದ ಗಡಿಯಲ್ಲಿ ನಡೆಯುತ್ತವೆ. ಒಳಗೆ ತುಂಬಿ ತುಳುಕುತ್ತಿದ್ದರೂ ಹೊರಗಿನವರ ಬದುಕಿನಲ್ಲಿ ಕೈ ಹಾಕಬಹುದೇ ಎಂಬ ಪ್ರಶ್ನೆ ಕಲ್ಚರ್ ಜನರನ್ನು ಬಿಡುವುದಿಲ್ಲ. 'ಯೂಸ್ ಆಫ್ ವೆಪನ್ಸ್' (1990) ಓದಿ, ಒಂದು ಅಧ್ಯಾಯ ಮುಂದಕ್ಕೆ ಹೋದರೆ ಇನ್ನೊಂದು ಹಿಂದಕ್ಕೆ ಹೋಗುತ್ತದೆ. ಕೊನೆಯ ಪುಟ ಮುಗಿಸಿ ನಾನು ಮೊದಲ ಪುಟಕ್ಕೆ ವಾಪಸ್ ಬಂದಿದ್ದೆ.

ಬಯಲುಸೀಮೆ:

ಹತ್ತು ದಿನ ಆಯಿತು. ಕಾನ್ಸುಲ್ ಕತೆ ಮುಗಿಸಿದೆ. ಪ್ರತಿ ಭೇಟಿಯಲ್ಲೂ ಸಿರಿಯ ವಯಸ್ಸು ಎಷ್ಟು, ಅವನದೆಷ್ಟು ಅಂತ ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನಲ್ಲಿ ಎರಡು ಸಾಲು ಮಾಡಿ ಬರೆದುಕೊಂಡು ಹೋದೆ. ಅವಳ ಸಾಲು ಬೇಗ ಬೇಗ ದೊಡ್ಡದಾಗುತ್ತದೆ. ನಾನು ಇಷ್ಟು ದಿನ ನನ್ನ ಅಣ್ಣನನ್ನೇ ನೆನೆಯುತ್ತಿದ್ದೆ, ಹೋದವನ ಕಷ್ಟವನ್ನೇ. ಇದನ್ನು ಓದುವಾಗ ಅತ್ತಿಗೆ ಕಣ್ಣಿಗೆ ಬಂದಳು. ಅವನ ಹಡಗು ಬಂದರಿಗೆ ಬರುವ ತಾರೀಖನ್ನು ಕ್ಯಾಲೆಂಡರಿನಲ್ಲಿ ಸುತ್ತು ಹಾಕಿ ಇಟ್ಟುಕೊಳ್ಳುತ್ತಿದ್ದಳು. ಈಗಲೂ ನಮ್ಮ ಹಳೇ ಮನೆಯ ಅಟ್ಟದಲ್ಲಿ ಆ ಕ್ಯಾಲೆಂಡರುಗಳಿವೆ. ನಾಳೆ ಫೋನ್ ಮಾಡಿ ಈ ಕತೆಯನ್ನು ಅವಳಿಗೆ ಕನ್ನಡದಲ್ಲಿ ಹೇಳುತ್ತೇನೆ.